ಅಮಿನಿಯ ಹಗ್ಗ, ಮಂಗಳೂರಿನ ಅಕ್ಕಿ

ನನ್ನಜ್ಜ ಮಂಗಳೂರು ಬಂದರಿನ ಅಕ್ಕಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರು ಇರುವಷ್ಟು ಕಾಲ ನಮ್ಮ ಬಾವಿಗೆ ಸಿಕ್ಕಸಿಕ್ಕ ಹಗ್ಗ ಕಟ್ಟುವಂತಿರಲಿಲ್ಲ. ‘ಅಮಿನಿ ಹಗ್ಗ ಉಂಟಾ ಕೇಳಿ’ ಎಂದೇ ಅಂಗಡಿಗೆ ಕಳಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕಡಲು ತಣಿದು ದ್ವೀಪದ ಓಡಗಳು ಧಕ್ಕೆಗೆ ಬಂದು ತಾಗುತ್ತಿದ್ದವಂತೆ. ಕತ್ತದ, ಅಂದರೆ ತೆಂಗಿನ ನಾರಿನ ಹುರಿಯ ಕಟ್ಟುಗಳು ಇಳಿಯುತ್ತಿದ್ದವು, ಅಕ್ಕಿ ಮೂಟೆಗಳು ಏರುತ್ತಿದ್ದವು. ಲಕ್ಷದ್ವೀಪದ ಆ ಅಮಿನಿ ದ್ವೀಪ ಎಲ್ಲಿದೆ ಎಂದು ಅಜ್ಜ ನೋಡಿದವರಲ್ಲ. ನಾನಾದರೂ ನೋಡಬೇಕೆಂಬ ಆಸೆ ಬಹಳ ವರ್ಷ ಹಾಗೇ ಕೂತಿತ್ತು. ಮಂಗಳೂರಿನಲ್ಲಿ ನನ್ನ ಜೊತೆ ಓದಿದ ಅಮಿನಿಯ ಗೆಳೆಯನೊಬ್ಬ ಕಳೆದ ವರ್ಷ ಫೋನು ಮಾಡಿ, ‘ಪರವಾನಗಿಗೆ ನನ್ನ ಹೆಸರು ಕೊಡು, ಫೆಬ್ರುವರಿಯಲ್ಲಿ ಬಾ’ ಎಂದ.

ಮೊದಲ ದಿನ

ಹೊರಗಿನವರು ಲಕ್ಷದ್ವೀಪಕ್ಕೆ ಟಿಕೆಟ್ ತೆಗೆದು ಹೊರಟುಬಿಡುವಂತಿಲ್ಲ. ಪೊಲೀಸ್ ಠಾಣೆಯ ಪತ್ರ ಬೇಕು, ಆಡಳಿತದ ಪ್ರವೇಶ ಪರವಾನಗಿ ಬೇಕು. ನನ್ನಂತೆ ಮನೆಯೊಂದಕ್ಕೆ ಹೋಗುವವರಿಗೆ ಆ ಮನೆಯವರ ಹೊಣೆಯೂ ಬೇಕು. ಈ ಕಾಗದಪತ್ರಕ್ಕೇ ಎರಡು ತಿಂಗಳು ಹಿಡಿಯಿತು. ನನಗೆ ಬೇಸರವಾಗಲಿಲ್ಲ. ಮೂವತ್ತಾರು ದ್ವೀಪ, ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ, ಅದರಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ. ಅಷ್ಟು ಸಣ್ಣ ಮನೆಗೆ ಬಾಗಿಲು ಬೇಕೇ ಬೇಕು.

ಮಂಗಳೂರಿನಿಂದ ಅಮಿನಿಗೆ ನೇರ ಹೋದರೆ ಸುಮಾರು 300 ಕಿಲೋಮೀಟರ್. ಕೊಚ್ಚಿಯಿಂದ 400ಕ್ಕೂ ಹೆಚ್ಚು. ಆದರೂ ನಾನು ರಾತ್ರಿ ರೈಲಿನಲ್ಲಿ ಕೊಚ್ಚಿಗೇ ಹೋದೆ. ನನಗೆ ಸಿಕ್ಕ ಹಡಗು ಅಲ್ಲಿಂದಲೇ. ವಿಲ್ಲಿಂಗ್ಡನ್ ದ್ವೀಪದ ಹಡಗುಕಟ್ಟೆಯಲ್ಲಿ ಪ್ರವಾಸಿಗರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಊರಿಗೆ ಮರಳುವವರು. ಆಸ್ಪತ್ರೆಯ ಎಕ್ಸ್‌ರೇ ಲಕೋಟೆ ಹಿಡಿದ ಅಜ್ಜಿ, ರಜೆಗೆ ಹೊರಟ ಕಾಲೇಜು ಹುಡುಗಿಯರು, ಕೋಳಿಮರಿಗಳ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡ ಒಬ್ಬ ಹುಡುಗ. ಮಲಗುವ ಹಲಗೆ ಸಿಕ್ಕಿತು. ಸಂಜೆ ದಡ ಕಣ್ಮರೆಯಾಯಿತು. ರಾತ್ರಿ ಹಡಗಿನ ಮೇಲುಗಡೆ ಬಂದು ನಿಂತರೆ ನಕ್ಷತ್ರಗಳನ್ನು ಬಿಟ್ಟು ಬೇರೇನೂ ಇಲ್ಲ.

ಎರಡನೆಯ ದಿನ

ಬೆಳಿಗ್ಗೆ ಹಡಗು ಅಮಿನಿಯ ಹೊರಗೆ ನಿಂತಿತು. ಹವಳದ ದಿಬ್ಬದ ಒಳಗೆ ದೊಡ್ಡ ಹಡಗು ಹೋಗಲಾರದು. ದೋಣಿಗಳು ಹಡಗಿನ ಮಗ್ಗುಲಿಗೆ ಬಂದು ತಾಗುತ್ತವೆ, ಅಲೆ ಎತ್ತಿದಾಗ ಹೆಜ್ಜೆ ಇಡಬೇಕು. ನಾನು ಹಿಂಜರಿದು ನಿಂತಿದ್ದೆ. ಹಿಂದಿನಿಂದ ಆ ಎಕ್ಸ್‌ರೇ ಅಜ್ಜಿ ನನ್ನ ಭುಜ ಹಿಡಿದು, ‘ಈಗ’ ಎಂದರು. ಇಳಿದೆ. ಅವರು ನನ್ನ ಹಿಂದೆಯೇ ಕೊಡೆ ಸಮೇತ ಇಳಿದರು.

ಅಮಿನಿ ಎರಡೂವರೆ ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. 2011ರ ಗಣತಿಯಲ್ಲಿ 7,661 ಜನ. ಬೇರೆ ಹೆಚ್ಚಿನ ದ್ವೀಪಗಳಿಗೆ ಹವಳದ ಗೋಡೆಯೊಳಗೆ ವಿಶಾಲವಾದ ತಿಳಿನೀರಿನ ಲಗೂನ್ ಇರುತ್ತದೆ. ಇಲ್ಲಿ ನೆಲವೇ ಅದರ ಬಹುಪಾಲು ತುಂಬಿಕೊಂಡಿದೆ. ಎಲ್ಲಿ ನಿಂತರೂ ತೆಂಗು, ತೆಂಗಿನ ನಡುವೆ ಮನೆ, ಮನೆಯ ಪಕ್ಕ ಪಳ್ಳಿ, ಅಂದರೆ ಮಸೀದಿ. ಪಳ್ಳಿ ಎಂದು ನಾನು ಹೇಳಿದರೆ ಗೆಳೆಯನ ಉಮ್ಮ ‘ಫಳ್ಳಿ’ ಎಂದರು. ಇವರ ಮಾತು ಜೆಸರಿ, ಮಲಯಾಳದ ಹಳೆಯ ಕವಲು. ಶಬ್ದದ ಮೊದಲಿನ ‘ಪ’ ಇಲ್ಲಿ ‘ಫ’ ಆಗಿದೆ. ಮಲಯಾಳದ ಪೆಣ್ಣ್ ಇವರಿಗೆ ಫೆಣ್ಣ್, ನಮಗೆ ಹೆಣ್ಣು. ಹಳಗನ್ನಡದ ‘ಪ’ ನಮ್ಮಲ್ಲಿ ‘ಹ’ ಆಗುವ ಮೊದಲು ಯಾರ ಬಾಯಲ್ಲಾದರೂ ಹೀಗೆ ಅರ್ಧ ದಾರಿಯಲ್ಲಿ ನಿಂತಿತ್ತೇ ಎಂದು ಯೋಚಿಸುತ್ತ, ಅವರು ಕೊಟ್ಟ ಕಿಲಾಂಜಿ ತಿಂದೆ. ಅಕ್ಕಿ ಮತ್ತು ಮೊಟ್ಟೆ ಕಲಸಿ ಹೊಯ್ದ, ಬಟ್ಟೆಯಷ್ಟು ತೆಳ್ಳಗಿನ ದೋಸೆ ಅದು. ಬೆಲ್ಲ ಹಾಕಿದ ತೆಂಗಿನ ಹಾಲಿನಲ್ಲಿ ಅದ್ದಿ ತಿನ್ನಬೇಕು. ಅಕ್ಕಿ ಇಲ್ಲಿ ಒಂದು ಕಾಳೂ ಬೆಳೆಯುವುದಿಲ್ಲ ಎಂಬುದು ನೆನಪಾದ ಮೇಲೆ ಆ ದೋಸೆಯನ್ನು ಇನ್ನಷ್ಟು ನಿಧಾನಕ್ಕೆ ತಿಂದೆ.

ಸಂಜೆ ಗೆಳೆಯ ಊರು ಸುತ್ತಿಸಿದ. ಈ ದ್ವೀಪಕ್ಕೆ ಇಸ್ಲಾಂ ಬಂದ ಕಥೆಯನ್ನು ಮಕ್ಕಳೂ ಹೇಳುತ್ತಾರೆ. ಸಂತ ಉಬೈದುಲ್ಲಾ ಮೆಕ್ಕಾದಲ್ಲಿ ಕಂಡ ಕನಸಿನ ಮಾತು ಕೇಳಿ ಹಡಗು ಹತ್ತಿದರು, ಹಡಗು ಒಡೆಯಿತು, ಹಲಗೆಯೊಂದನ್ನು ಹಿಡಿದು ತೇಲುತ್ತ ಅಮಿನಿಯ ದಡ ಸೇರಿದರು. ಊರಿನವರು ಅವರನ್ನು ಒಪ್ಪಲಿಲ್ಲ. ಒಬ್ಬ ಹುಡುಗಿ ಮಾತ್ರ ಒಪ್ಪಿ ಮದುವೆಯಾದಳು. ಇಬ್ಬರೂ ಆಂದ್ರೋತ್ತ್ ದ್ವೀಪಕ್ಕೆ ಹೋಗಿ, ಅಲ್ಲಿ ಜನ ಒಲಿದ ಮೇಲೆ ಮತ್ತೆ ಅಮಿನಿಗೆ ಬಂದರು. ಇದು ಏಳನೆಯ ಶತಮಾನದ ಮಾತು ಎಂದು ದ್ವೀಪದವರ ನಂಬಿಕೆ. ಸಂತರ ಗೋರಿ ಆಂದ್ರೋತ್ತ್‌ನ ಜುಮಾ ಮಸೀದಿಯಲ್ಲಿದೆ. ಮೊದಲು ತಮ್ಮ ಊರೇ ಅವರನ್ನು ಓಡಿಸಿತು ಎಂಬುದನ್ನು ಅಮಿನಿಯವರು ಮುಚ್ಚಿಡುವುದಿಲ್ಲ. ಅದು ನನಗೆ ಹಿಡಿಸಿತು.

ಇನ್ನೊಂದು ಕಥೆ ಹೇಳುವಾಗ ದನಿ ತಗ್ಗುತ್ತದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಕತ್ತಕ್ಕಾಗಿ ಇಲ್ಲಿಗೆ ಬಂದರು. ಹಡಗು ಕಟ್ಟುವವರಿಗೆ ಕತ್ತದ ಹಗ್ಗ ಚಿನ್ನಕ್ಕೆ ಸಮ. ಬಂದವರು ದೋಚಲು ತೊಡಗಿದಾಗ ಊರಿನವರು ವಿಷವಿಕ್ಕಿ ಅವರನ್ನೆಲ್ಲ ಕೊಂದರಂತೆ. ಬಂದೂಕಿಲ್ಲದ, ಓಡಿ ಅಡಗಲು ಒಂದು ಗುಡ್ಡವೂ ಇಲ್ಲದ ಜನ ಬೇರೇನು ಮಾಡಿಯಾರು?

ಮೂರನೆಯ ದಿನ

ನಸುಕಿಗೆ ಎಚ್ಚರವಾದದ್ದು ಯಾರೋ ಅಂಗಳ ದಾಟಿ ಹೋದ ಸದ್ದಿಗೆ. ಆಮೇಲೆ ಗೊತ್ತಾಯಿತು, ಗೆಳೆಯನ ತಂಗಿಯ ಗಂಡ ತನ್ನ ತಾಯಿಮನೆಗೆ ಹೊರಟದ್ದು. ಹಳೆಯ ಪದ್ಧತಿಯಲ್ಲಿ ಇಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವುದಿಲ್ಲ. ಗಂಡಸು ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಗಾಗುವ ಮೊದಲು ತನ್ನ ತರವಾಡಿಗೆ, ಅಂದರೆ ತಾಯಿಯ ಕುಟುಂಬದ ಮನೆಗೆ ಮರಳುತ್ತಾನೆ. ದುಡಿಮೆ ತಾಯಿಯ ಮನೆಗೆ. ಮಕ್ಕಳು ಹೆಂಡತಿಯ ತರವಾಡಿಗೆ ಸೇರಿದವರು, ಅವರ ಹೆಸರಿನ ಮುಂದೆ ನಿಲ್ಲುವುದೂ ಆ ಮನೆಯ ಹೆಸರೇ. ಈಗ ಬೇರೆ ಮನೆ ಕಟ್ಟಿ ಒಟ್ಟಿಗಿರುವ ದಂಪತಿಗಳು ಬಹಳ ಇದ್ದಾರೆ. ಆದರೂ ಹಳೆಯ ನಡೆ ಪೂರ್ತಿ ಹೋಗಿಲ್ಲ.

ನನಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ನಾವು ಅಳಿಯಕಟ್ಟಿನವರು. ಭೂತಾಳ ಪಾಂಡ್ಯನ ಕಟ್ಟು ಎಂದು ತುಳುನಾಡಿನಲ್ಲಿ ಹೇಳುವ ಅದೇ ತಾಯಿಯ ಸಾಲು. ನಮ್ಮಲ್ಲೂ ಕುಟುಂಬದ ಮನೆಗೆ ಯಜಮಾನ ಎಂದರೆ ಅಜ್ಜಿಯ ಅಣ್ಣನೇ. ಇಲ್ಲಿ ಅವರನ್ನು ಕಾರಣವರ್ ಎನ್ನುತ್ತಾರೆ. ಹಗಲಿಗೆ ಗೆಳೆಯನ ಉಮ್ಮ ಸೊತ್ತಿನ ಲೆಕ್ಕ ವಿವರಿಸಿದರು. ಸೊತ್ತು ಎಂಬ ಮಾತೂ ನಮ್ಮಿಬ್ಬರದೂ ಹೌದು. ತರವಾಡಿಗೆ ಸೇರಿದ, ಯಾರೂ ಮಾರಿಕೊಳ್ಳಬಾರದ ಪಿತ್ರಾರ್ಜಿತ ‘ವೆಳ್ಳಿಯಾಳ್ಚ ಸೊತ್ತು’, ಅಂದರೆ ಶುಕ್ರವಾರದ ಸೊತ್ತು. ಅದು ತಾಯಿಯ ಸಾಲಿನಲ್ಲೇ ಹರಿಯಬೇಕು. ಸ್ವಂತ ದುಡಿದು ಗಳಿಸಿದ್ದು ‘ತಿಂಗಳಾಳ್ಚ ಸೊತ್ತು’, ಸೋಮವಾರದ್ದು. ಅದು ಷರಿಯತ್ತಿನ ಪ್ರಕಾರ ಹೆಂಡತಿ ಮಕ್ಕಳಿಗೆ. ಒಂದೇ ಮನೆಯಲ್ಲಿ ಎರಡು ನ್ಯಾಯ, ಎರಡಕ್ಕೂ ಒಂದೊಂದು ವಾರದ ಹೆಸರು!

‘ಜಗಳ ಬರುವುದಿಲ್ಲವೇ ಉಮ್ಮಾ?’ ಎಂದೆ.

‘ಸೋಮವಾರದ ತೆಂಗು ಶುಕ್ರವಾರದ ಬೇಲಿಯೊಳಗೆ ನಿಂತರೆ ಬರುತ್ತದೆ’ ಎಂದರು.

ನಮ್ಮ ಕಡೆ 1949ರಲ್ಲಿ ಮದ್ರಾಸಿನ ಅಳಿಯಸಂತಾನ ಕಾಯ್ದೆ ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಕುಟುಂಬದ ಮನೆಗಳು ಪಾಲಾದವು. ವರ್ಷಕ್ಕೊಮ್ಮೆ ಭೂತದ ನೇಮಕ್ಕೆ ನಾವು ಅಲ್ಲಿ ಸೇರುತ್ತೇವೆ, ಮರುದಿನ ಬೀಗ. ಇಲ್ಲಿ ಶುಕ್ರವಾರದ ಮನೆಯ ಒಲೆ ಇನ್ನೂ ಉರಿಯುತ್ತಿದೆ. ನಮ್ಮ ಧರ್ಮ ಬೇರೆ, ಭಾಷೆ ಬೇರೆ. ಆದರೆ ಆ ಅಡುಗೆಮನೆಯ ಮಣೆಯ ಮೇಲೆ ಕೂತಾಗ ನನಗೆ ಸತ್ತ ದೊಡ್ಡಮ್ಮಂದಿರೆಲ್ಲ ನೆನಪಾದರು.

ಹಳೆಯದೆಲ್ಲ ಚೆಂದವಾಗಿತ್ತು ಎಂದು ಬರೆಯಲಾರೆ. ದ್ವೀಪಗಳಲ್ಲಿ ಭೂಮಿ ಮತ್ತು ಓಡ ಇದ್ದವರು ಕೋಯಾ, ಓಡ ನಡೆಸುವವರು ಮಾಲ್ಮಿ, ಮರ ಹತ್ತಿ ಕಳ್ಳು ಇಳಿಸುವವರು ಮೇಲಾಚ್ಚೇರಿ ಎಂಬ ಮೇಲು ಕೀಳು ಇತ್ತು. ಮೇಲಾಚ್ಚೇರಿಯವರು ಚಪ್ಪಲಿ ಮೆಟ್ಟುವಂತಿರಲಿಲ್ಲ, ಕೊಡೆ ಹಿಡಿಯುವಂತಿರಲಿಲ್ಲ. ಒಂದೇ ಪಳ್ಳಿಯಲ್ಲಿ ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡುವ ಜನ ಹೊರಗೆ ಬಂದೊಡನೆ ಹೀಗೆ. ಶಾಲೆ ಬಂತು, ಸರಕಾರಿ ನೌಕರಿ ಬಂತು, ಆ ಕಟ್ಟು ಸಡಿಲಿತು. ಈಗ ತಂದೆತಾಯಿ ಇಬ್ಬರೂ ದ್ವೀಪದವರಾಗಿ ಅಲ್ಲೇ ಹುಟ್ಟಿದವರೆಲ್ಲ ಪರಿಶಿಷ್ಟ ಪಂಗಡದವರೆಂದು ಗುರುತು.

ಮಧ್ಯಾಹ್ನ ಕತ್ತದ ಕೆಲಸ ನೋಡಲು ಹೋದೆವು. ಅಜ್ಜನ ಹಗ್ಗದ ಗುಟ್ಟು ಇಲ್ಲಿತ್ತು. ತೆಂಗಿನ ಸಿಪ್ಪೆಯನ್ನು ನಮ್ಮ ಹಾಗೆ ಹೊಳೆಯ ಕೆಸರಿನಲ್ಲಿ ಕೊಳೆಹಾಕುವುದಿಲ್ಲ. ಸಮುದ್ರದ ಅಂಚಿನ ಮರಳಿನಲ್ಲಿ ಗುಂಡಿ ತೋಡಿ, ಸಿಪ್ಪೆ ತುಂಬಿ, ಮೇಲೆ ಹವಳದ ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಉಪ್ಪುನೀರು ಒಳಗೆ ಬಂದು ಹೋಗುತ್ತದೆ. ಹೊರ ತೆಗೆದು ಕೋಲಿನಿಂದ ಬಡಿದರೆ ನಾರು ಹೊಂಬಣ್ಣಕ್ಕೆ ಬಿಡುತ್ತದೆ. ಬಡಿಯುವುದು, ಹೊಸೆಯುವುದು ಎಲ್ಲ ಹೆಂಗಸರು. ಒಬ್ಬ ಮುದುಕಿ ಎರಡು ಎಳೆಯನ್ನು ಅಂಗೈಗಳ ನಡುವೆ ಇಟ್ಟು ಉಜ್ಜಿದರು, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಗೇಣು ಹುರಿ ಬೆಳೆದಿತ್ತು. ನಾನೂ ಪ್ರಯತ್ನಿಸಿದೆ, ಎಳೆ ಬಿಚ್ಚಿಕೊಂಡಿತು. ಈಗ ಈ ಕೆಲಸಕ್ಕೆ ಕೂಡುವವರು ಕಡಿಮೆ.

ಆ ಹುರಿಯ ಮೇಲೆ ಒಂದು ಆಳ್ವಿಕೆಯೇ ನಿಂತಿತ್ತು. ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದಾಗ ಕತ್ತದ ವ್ಯಾಪಾರ ಪೂರ್ತಿ ಅವರದೇ. ಅವರ ಕಾರುಬಾರು ತಾಳಲಾರದೆ ಅಮಿನಿಯ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಹೋಗಿ ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟರು. ಅರಕ್ಕಲ್ ಬೀಬಿಯೊಂದಿಗೆ ಮಾತುಕತೆಯಾಗಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಮೈಸೂರಿನ ಪಾಲಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ. ಉಳಿದ ದ್ವೀಪಗಳ ಮೇಲೆ ಕಣ್ಣೂರಿನ ಹಕ್ಕು ಇಪ್ಪತ್ತನೆಯ ಶತಮಾನದ ಮೊದಲವರೆಗೂ ಹೆಸರಿಗಾದರೂ ಉಳಿಯಿತು, 1875ರಿಂದ ಆಡಳಿತ ಮಾತ್ರ ಬ್ರಿಟಿಷರದು. ಈ ಐದು ಮಾತ್ರ ಅಮಿನಿದೀವಿ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, ಮಂಗಳೂರಿನ ಕಲೆಕ್ಟರರ ಕೈಕೆಳಗೆ ಬಂದವು. ಅಮಿನಿಯಲ್ಲಿ ಮೊಣೆಗಾರ ಎಂಬ ಒಬ್ಬ ಅಧಿಕಾರಿ, ಅವನಿಗೊಂದು ಕಚೇರಿ. ಕತ್ತವನ್ನು ಸರಕಾರಕ್ಕೇ ಕೊಡಬೇಕು, ಬದಲಿಗೆ ಸರಕಾರ ಕಟ್ಟಿದ ದರದಲ್ಲಿ ಅಕ್ಕಿ.

ಅಜ್ಜ ಹೇಳುತ್ತಿದ್ದ ಕಥೆಯಲ್ಲಿ ಹಗ್ಗ ಇಳಿಯುತ್ತಿತ್ತು, ಅಕ್ಕಿ ಏರುತ್ತಿತ್ತು, ಎಲ್ಲ ಸಮವಾಗಿತ್ತು. ಇಲ್ಲಿ ಕೂತು ಕೇಳಿದರೆ ಹಾಗಿರಲಿಲ್ಲ. ಹಗ್ಗ ಹೊಸೆಯುವವರಿಗೆ ದರ ಹೇಳುವ ಅಧಿಕಾರ ಇರಲಿಲ್ಲ, ಅಕ್ಕಿ ಬಿಟ್ಟು ಬದುಕುವ ದಾರಿಯೂ ಇರಲಿಲ್ಲ. ತಕ್ಕಡಿ ನಮ್ಮ ದಡದಲ್ಲಿತ್ತು.

ನಾಲ್ಕನೆಯ ದಿನ

ಇಡೀ ದಿನ ಒಬ್ಬರ ಜೊತೆ ಕಳೆದೆ. ಗೆಳೆಯನ ಅಜ್ಜಿಯ ತಮ್ಮ ಅವರು, ವಯಸ್ಸು ಎಂಬತ್ತೈದರ ಹತ್ತಿರ. ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಹುಡುಗನಾಗಿದ್ದಾಗ ಓಡದಲ್ಲಿ ಮಂಗಳೂರಿಗೆ ಬಂದವರು.

ಓಡಕ್ಕೆ ಕಬ್ಬಿಣದ ಮೊಳೆ ಇರಲಿಲ್ಲ. ಹಲಗೆಗೆ ತೂತು ಕೊರೆದು ಕತ್ತದ ಹುರಿಯಿಂದ ಹೊಲಿಯುವುದು. ಹವಳದ ದಿಬ್ಬಕ್ಕೆ ತಾಗಿದರೆ ಮೊಳೆಯ ಹಡಗು ಸೀಳುತ್ತದೆ, ಹೊಲಿದದ್ದು ಬಳುಕುತ್ತದೆ. ಮಳೆಗಾಲಕ್ಕೆ ಮೊದಲು ಎಲ್ಲ ಓಡಗಳನ್ನೂ ದಡಕ್ಕೆ ಎಳೆಯಬೇಕು. ಊರೆಲ್ಲ ಸೇರಿ ಹಾಡುತ್ತ ಎಳೆಯುತ್ತಿದ್ದರಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮುಚ್ಚಿದ ಬಾಗಿಲು. ಮಂಗಳೂರಿನ ಅಕ್ಕಿ ಅಷ್ಟರೊಳಗೆ ಬಂದಿರಬೇಕು. ಬರದಿದ್ದರೆ ಮೀನು ಮತ್ತು ತೆಂಗು. ತುಳುನಾಡಿನ ಮಳೆಗಾಲದ ಆಟಿ ತಿಂಗಳ ಬಡತನದ ಕಥೆಗಳನ್ನು ಕೇಳಿ ಬೆಳೆದವನು ನಾನು, ಆದರೆ ನಮಗೆ ಗುಡ್ಡದ ಮೇಲೆ ತಜಂಕ್ ಸೊಪ್ಪಾದರೂ ಸಿಗುತ್ತಿತ್ತು.

ಕಾಕಾ ತಮ್ಮ ಮನೆಯ ರಹ್ಮಾನಿ ಬಗ್ಗೆ ಹೇಳಿದರು. ಮಾಲ್ಮಿಗಳು ಅರಬಿ ಲಿಪಿಯ ಮಲಯಾಳದಲ್ಲಿ ಕೈಬರಹದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಕಡಲದಾರಿಯ ಪುಸ್ತಕ ಅದು. ಯಾವ ನಕ್ಷತ್ರ ಯಾವ ದಿಕ್ಕಿನಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತದೆ, ಯಾವ ಬಂದರಿಗೆ ಯಾವ ನಕ್ಷತ್ರ ಹಿಡಿದು ಹೋಗಬೇಕು, ಎಲ್ಲ ಅದರಲ್ಲಿ. ಅವರ ಮನೆಯ ಪ್ರತಿಯನ್ನು ಗೆದ್ದಲು ತಿಂದಿತು. ಹೇಳುವಾಗ ಅವರು ನನ್ನ ಮುಖ ನೋಡದೆ ಕಡಲಿನ ಕಡೆ ನೋಡುತ್ತಿದ್ದರು.

‘ಮಂಗಳೂರಿನಲ್ಲಿ ಮೊದಲು ಏನು ಕಂಡಿತು ಕಾಕಾ?’

‘ಮಂಗಳೂರು ಕಾಣುವುದು ಕೊನೆಗೆ ಮೋನೇ. ಮೊದಲು ಬೆಟ್ಟ. ಬೆಳಗಿನ ಹೊತ್ತು, ನೀರಿನ ಮೇಲೆ ಕುದುರೆಯ ಮುಖ.’

ನಾನು ಸುಮ್ಮನಾದೆ. ಕುದುರೆಮುಖದ ಬುಡದಲ್ಲಿ ನಿಂತರೆ ಆ ಹೆಸರು ಯಾಕೆ ಬಂತೆಂದು ತಿಳಿಯುವುದಿಲ್ಲ. ಅದು ಕಡಲಿನಿಂದ ಬರುವವರು ಇಟ್ಟುಕೊಂಡ ಗುರುತು, 1,894 ಮೀಟರ್ ಎತ್ತರದ ದಾರಿಗಲ್ಲು. ಕೆಲವೇ ಮೀಟರ್ ಎತ್ತರದ ನೆಲದಲ್ಲಿ ಹುಟ್ಟಿದ ಹುಡುಗನಿಗೆ ಅಂಥದೊಂದು ಆಕಾರ ನೀರಿನಿಂದ ಎದ್ದು ಬಂದಾಗ ಹೇಗಾಗಿರಬೇಕು! ‘ಹೆದರಿದೆ’ ಎಂದರು ಕಾಕಾ. ‘ಅದು ನಮ್ಮ ಕಡೆ ಬರುತ್ತಿದೆ ಅಂದುಕೊಂಡೆ. ಮಾಲ್ಮಿ ಹೇಳಿದರು, ಅದು ಬರುವುದಿಲ್ಲ, ಕರೆಯುತ್ತದೆ.’

ಆ ಬೆಟ್ಟ ಈಗಲೂ ಹಾಗೇ ಇದೆಯೇ ಎಂದು ಕೇಳಿದರು. ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು, 2005ರ ಕೊನೆಗೆ ನಿಲ್ಲಿಸಿದರು, ಶಿಖರ ಹಾಗೇ ಇದೆ, ಈಗ ಅದು ಕಾಡಿನ ಪಾಲು ಎಂದೆ. ಬಹಳ ಹೊತ್ತು ತಲೆಯಾಡಿಸಿದರು. ಬಂದರಿನ ಬಗ್ಗೆಯೂ ಕೇಳಿದರು. ಅಕ್ಕಿ ಮಂಡಿಗಳಲ್ಲಿ ಒಬ್ಬ ಗುಮಾಸ್ತ ಹುಡುಗರಿಗೆ ಬೆಲ್ಲ ಕೊಡುತ್ತಿದ್ದನಂತೆ. ಅದು ನನ್ನಜ್ಜನೇ ಆಗಿರಲಿ ಎಂದು ಮನಸ್ಸು ಹಂಬಲಿಸಿತು. ಆದರೆ ಬಂದರಿನಲ್ಲಿ ಗುಮಾಸ್ತರು ನೂರು ಜನ ಇದ್ದರು. ನಾನು ಹಾಗೆ ಹೇಳಲಿಲ್ಲ.

1956ರ ನವೆಂಬರ್ 1. ನಮಗೆ ಅದು ರಾಜ್ಯೋತ್ಸವದ ದಿನ, ಕನ್ನಡನಾಡು ಒಂದಾದ ದಿನ. ಕಾಸರಗೋಡು ಕೈತಪ್ಪಿದ ನೋವನ್ನು ನಮ್ಮ ಕರಾವಳಿ ಇಂದಿಗೂ ಮರೆತಿಲ್ಲ. ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಐದು ದ್ವೀಪಗಳೂ ಬೇರೆಯಾಗಿ, ಮಲಬಾರಿಗೆ ಸೇರಿದ್ದ ಉಳಿದ ದ್ವೀಪಗಳೊಂದಿಗೆ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಅವು ನಮ್ಮಲ್ಲೇ ಉಳಿಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅವರ ಮಾತು ನಮ್ಮದಲ್ಲ, ದೂರದ ಕಲೆಕ್ಟರರು ಯಾವಾಗಲೋ ಒಮ್ಮೆ ಬಂದು ನೋಡಿ ಹೋಗುವ ಆಡಳಿತ ಅವರಿಗೆ ಸುಖ ಕೊಟ್ಟಿರಲಿಲ್ಲ. ಆದರೆ ಒಂದೂವರೆ ಶತಮಾನಕ್ಕೂ ಮೀರಿ ಒಂದೇ ಜಿಲ್ಲೆಯಾಗಿದ್ದ ಜನ ಹೋದದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲವಲ್ಲ, ಅದು ನನ್ನನ್ನು ಚುಚ್ಚಿತು. ಅವರಿಗೆ ನಾವು ನೆನಪಿದ್ದೇವೆ. 1967ರಿಂದ ಸತತ ಹತ್ತು ಬಾರಿ ಇಲ್ಲಿಂದ ಲೋಕಸಭೆಗೆ ಗೆದ್ದ ಪಿ.ಎಂ. ಸಯೀದ್ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದಿದವರು ಎಂಬುದನ್ನು ನನಗೆ ನೆನಪಿಸಿದ್ದು ಅಮಿನಿಯ ಚಹಾದ ಅಂಗಡಿಯವರು.

ರಾತ್ರಿ ಹುಡುಗರು ಕೋಲ್ಕಳಿ ಆಡಿದರು. ಕೋಲಿಗೆ ಕೋಲು ತಾಗುವ ಲಯ ಏರುತ್ತ ಹೋಗಿ, ಒಮ್ಮೆಲೆ ನಿಂತು, ಅಲೆಯ ಸದ್ದು ಮಾತ್ರ ಉಳಿಯುತ್ತಿತ್ತು. ಕಾಕಾ ಕೂತಲ್ಲೇ ಬೆರಳಿನಲ್ಲಿ ತಾಳ ಹಾಕುತ್ತಿದ್ದರು.

ಐದನೆಯ ದಿನ

ಕಡಮತ್ ಅಮಿನಿಯಿಂದ ಕಣ್ಣಿಗೆ ಕಾಣುತ್ತದೆ. ದೋಣಿಯಲ್ಲಿ ಹೋಗಿ ಬಂದೆವು. ಉದ್ದಕ್ಕೆ ಹಗ್ಗ ಬಿಟ್ಟಂತಿರುವ ದ್ವೀಪ. ಅಗಲ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿನ ಆಚೀಚೆ. ಕೆಲವು ಕಡೆ ಎಡಕ್ಕೂ ಬಲಕ್ಕೂ ಒಟ್ಟಿಗೆ ಕಡಲು ಕಾಣುತ್ತದೆ. ಮೊದಲು ಇಲ್ಲಿ ಜನವಸತಿ ಇರಲಿಲ್ಲ. ಅಮಿನಿಯವರು ಬಂದು ಕಾಯಿ ಕೀಳುವ ತೋಟವಾಗಿತ್ತು, ಆಮೇಲೆ ಮನೆಗಳಾದವು. ಪಡುವಣ ಕಡೆಯ ಲಗೂನ್ ಎಷ್ಟು ತಿಳಿಯೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ನಮ್ಮ ಜೊತೆಗೇ ಬರುತ್ತಿತ್ತು.

ಇಳಿತದ ಹೊತ್ತಿಗೆ ಹೆಂಗಸರು ದಿಬ್ಬದ ಮೇಲೆ ನಡೆಯುತ್ತ ಆಕ್ಟೋಪಸ್ ಹುಡುಕುತ್ತಿದ್ದರು. ಅದನ್ನು ಇಲ್ಲಿ ಅಪ್ಪಲ್ ಎನ್ನುತ್ತಾರೆ. ಬಿಲಕ್ಕೆ ಕೋಲು ಹಾಕಿ ಎಳೆಯುವುದು. ಮಧ್ಯಾಹ್ನಕ್ಕೆ ಅದರದೇ ಹುರಿದ ಪಲ್ಯ. ಕುಡಿಯುವ ನೀರಿನ ಬಗ್ಗೆ ಕೇಳಿದೆ. ಹವಳದ ಮರಳಿನಡಿ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತ ನಿಂತಿರುತ್ತದೆ. ಬಾವಿಗಳು ಆಳವಿಲ್ಲ, ಭರತ ಇಳಿತಕ್ಕೆ ಅವುಗಳ ನೀರೂ ಏರಿಳಿಯುತ್ತದೆ. ಹೆಚ್ಚು ಸೇದಿದರೆ ಉಪ್ಪು ಮೇಲೆ ಬರುತ್ತದೆ. 2024ರಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕವೊಂದು ಇಲ್ಲಿ ಶುರುವಾಗಿದೆ, ದಿನಕ್ಕೆ ಒಂದೂವರೆ ಲಕ್ಷ ಲೀಟರಿನದು. ‘ಆದರೂ ಚಹಾಕ್ಕೆ ಬಾವಿಯ ನೀರೇ’ ಎಂದರು ನಮಗೆ ಊಟ ಬಡಿಸಿದವರು.

ಆರನೆಯ ದಿನ

ಹಡಗು ಹಿಂದಿನ ದಿನವೇ ಬರಬೇಕಿತ್ತಂತೆ, ಮಧ್ಯಾಹ್ನ ಬಂತು. ಉಮ್ಮ ತೆಂಗಿನ ಬೆಲ್ಲದ ಉಂಡೆಗಳನ್ನು ಕಟ್ಟಿಕೊಟ್ಟರು. ಆ ಕತ್ತ ಹೊಸೆಯುವ ಮುದುಕಿ ಒಂದು ಸುತ್ತು ಹುರಿ ಕಳಿಸಿದ್ದರು. ದುಡ್ಡು ಕೊಡಲು ಹೋದೆ. ‘ಅಕ್ಕಿ ಕಳಿಸಲಿ’ ಎಂದು ಹೇಳಿದ್ದಾರೆ ಎಂದು ಗೆಳೆಯ ನಕ್ಕ. ಕಾಕಾ ದಡದವರೆಗೆ ಬಂದರು. ದೋಣಿ ಹೊರಟಾಗ ಕೈ ಬೀಸಲಿಲ್ಲ, ಕಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡುತ್ತ ನಿಂತಿದ್ದರು.

ಊರಿಗೆ ಬಂದು ಎರಡು ವಾರದ ಮೇಲೆ ಹಳೆ ಬಂದರಿಗೆ ಹೋದೆ. ದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಹಡಗುಗಳು ಈಗಲೂ ಅಲ್ಲಿಂದ ಹೊರಡುತ್ತವೆ. ಜಲ್ಲಿ, ಸಿಮೆಂಟು, ತರಕಾರಿ, ಅಕ್ಕಿ. ಅಮಿನಿಗೆ ಹೊರಟ ಮಂಜಿಯ ಖಲಾಸಿಯೊಬ್ಬರ ಕೈಗೆ ಇಪ್ಪತ್ತೈದು ಕಿಲೋ ಕುಚ್ಚಲಕ್ಕಿಯ ಮೂಟೆ ಮತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫೋಟೊ ಕೊಟ್ಟೆ. ಮೀನು ಹಿಡಿಯಲು ಹೋಗುವ ಪರಿಚಯದವರೊಬ್ಬರು ಬೆಳಗಿನ ಹೊತ್ತು ಕಡಲಿನಿಂದ ತೆಗೆದದ್ದು ಅದು. ಖಲಾಸಿ ಫೋಟೊ ತಿರುಗಿಸಿ ನೋಡಿ, ‘ಇದು ದಿನಾ ಕಾಣುವುದೇ ಅಲ್ಲವಾ’ ಎಂದು, ಅಕ್ಕಿ ಮೂಟೆಯ ಮೇಲೆ ನೀರು ಬೀಳದ ಜಾಗ ನೋಡಿ ಇಟ್ಟರು.